ಮೆಶ್‌ನೊಳಗೆ ಬೇಕಾದ ಪಾಯಿಂಟಿನ ಬೆಲೆ (ವ್ಯಾಲ್ಯೂ) ತೆಗೆಯೋದು: ನನ್ನ ಅನುಭವ

ಮೈಸೂರಲ್ಲಿ ಸಿವಿಲ್ ಓದಿದವರಿಗೆ ಅಣೆಕಟ್ಟೆ ಅಂದ ತಕ್ಷಣ ಕಣ್ಮುಂದೆ ಬರೋದು ಕೆಆರ್‌ಎಸ್. ಫೈನೈಟ್ ಎಲಿಮೆಂಟ್ ಕೋಡ್ (ಆಕಾರವನ್ನು ಎಲಿಮೆಂಟ್ ಅನ್ನೋ ಸಣ್ಣ ತುಂಡುಗಳಾಗಿ ಒಡೆದು ಲೆಕ್ಕ ಹಾಕುವ ಪ್ರೋಗ್ರಾಂ; ಆ ತುಂಡುಗಳ ಬಲೆಯೇ ಮೆಶ್) ಬರೆಯಲು ಕೂತಾಗ ನಾನೂ ಅಂಥದ್ದೇ ಒಂದು ಕಲ್ಲಿನ ಅಣೆಕಟ್ಟೆಯ ಕ್ರಾಸ್ ಸೆಕ್ಷನ್ ತೆಗೆದುಕೊಂಡೆ. ಆಕಾರ ನಾನೇ ಸರಳ ಮಾಡಿಕೊಂಡದ್ದು. ನೀರಿನ ಎತ್ತರ ಮಾತ್ರ ಕೆಆರ್‌ಎಸ್‌ನ ಪೂರ್ಣ ಮಟ್ಟದ್ದೇ: 124.80 ಅಡಿ, ಅಂದರೆ ಸುಮಾರು 38 ಮೀಟರ್.

ಬಿಸಿಲು ಬೀಳುವ ಮುಖದಿಂದ 10, 30, 50 ಸೆಂ.ಮೀ. ಒಳಗೆ ತಾಪಮಾನ ದಿನವಿಡೀ ಹೇಗೆ ಏರಿಳಿಯುತ್ತದೆ ಅನ್ನೋದು ನನಗೆ ಬೇಕಿತ್ತು. ಬಣ್ಣದ ಚಿತ್ರ ಚೆನ್ನಾಗೇ ಬರುತ್ತದೆ, ಆದರೆ ಅದರಿಂದ ಅಂಕಿ ಸಿಗಲ್ಲ.

ಹತ್ತಿರದ ನೋಡ್‌ನ (ಎಲಿಮೆಂಟ್‌ಗಳ ಮೂಲೆಯ ಬಿಂದು) ಬೆಲೆ ತೆಗೆದುಕೊಂಡರೆ ಸಾಲದಾ ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲಿ ಸಾಲದು. ಕಲ್ಲಿನಲ್ಲಿ ಶಾಖ ಹರಡುವ ಗುಣಾಂಕ ಸೆಕೆಂಡಿಗೆ 1 ಚದರ ಮಿ.ಮೀ. ಅಂತ ಇಟ್ಟುಕೊಂಡರೆ, ದಿನದ ಏರಿಳಿತ ಪ್ರತಿ 17 ಸೆಂ.ಮೀ. ಆಳಕ್ಕೆ ಸುಮಾರು 37 ಪರ್ಸೆಂಟಿಗೆ ಇಳಿಯುತ್ತದೆ. ನೋಡ್ 10 ಸೆಂ.ಮೀ. ಆಚೀಚೆ ಇದ್ದರೆ ಉತ್ತರ ಹತ್ತಿರ ಹತ್ತಿರ ಅರ್ಧಕ್ಕರ್ಧ ಬದಲಾಗಿಬಿಡುತ್ತದೆ.

ಬೇಕಾದ ಪಾಯಿಂಟಿನಲ್ಲೇ ಬೆಲೆ ತೆಗೆಯುವ ಕೆಲಸದಲ್ಲಿ ಎರಡು ಭಾಗ ಇದೆ, ಎರಡನ್ನೂ ಬೇರೆ ಬೇರೆ ಇಟ್ಟರೆ ಮುಕ್ಕಾಲು ತಲೆನೋವು ಹೋಗುತ್ತದೆ. ಒಂದು, ಪಾಯಿಂಟ್ ಯಾವ ಎಲಿಮೆಂಟ್‌ನಲ್ಲಿದೆ ಅಂತ ಹುಡುಕೋದು. ಇನ್ನೊಂದು, ಆ ಎಲಿಮೆಂಟ್‌ನೊಳಗೆ ಬೆಲೆ ಲೆಕ್ಕ ಹಾಕೋದು. ಎರಡನೆಯದು ಸುಲಭ. (0,0), (1,0), (0,1) ಮೂಲೆಗಳ ತ್ರಿಕೋನದಲ್ಲಿ ತಾಪಮಾನ ಕ್ರಮವಾಗಿ 20, 24, 30 ಡಿಗ್ರಿ ಇದೆ ಅಂದುಕೊಳ್ಳಿ. (0.25, 0.5) ಪಾಯಿಂಟಿಗೆ ಮೂಲೆಗಳ ತೂಕ (ಉತ್ತರದಲ್ಲಿ ಪ್ರತಿ ಮೂಲೆಯ ಪಾಲು) 0.25, 0.25, 0.5. ಅಂದರೆ 5 + 6 + 15, ಒಟ್ಟು 26 ಡಿಗ್ರಿ. ಅಷ್ಟೇ.

ಹುಡುಕೋದೇ ದುಬಾರಿ ಕೆಲಸ. ನಾನು ಬಳಸಿದ್ದು ಡಾಲ್ಫಿನ್‌ಎಕ್ಸ್ ಅನ್ನೋ ಫೈನೈಟ್ ಎಲಿಮೆಂಟ್ ಲೈಬ್ರರಿ. ಅದರಲ್ಲಿ ಮೊದಲು ಬೌಂಡಿಂಗ್ ಬಾಕ್ಸ್ ಟ್ರೀ (ಎಲಿಮೆಂಟ್‌ಗಳನ್ನು ಸುತ್ತುವರಿದ ಪೆಟ್ಟಿಗೆಗಳನ್ನು ಮರದ ಕೊಂಬೆಗಳಂತೆ ಜೋಡಿಸಿದ್ದು) ಕಟ್ಟಬೇಕು, ಅದು ಪ್ರತಿ ಪಾಯಿಂಟಿಗೂ ಇರಬಹುದಾದ ಕೆಲವೇ ಎಲಿಮೆಂಟ್‌ಗಳನ್ನು ಕೊಡುತ್ತದೆ, ಆಮೇಲೆ ಅವುಗಳಲ್ಲಿ ನಿಜವಾಗಿ ಯಾವುದರೊಳಗೆ ಪಾಯಿಂಟ್ ಇದೆ ಅಂತ ಇನ್ನೊಂದು ಫಂಕ್ಷನ್ ಹೇಳುತ್ತದೆ. ಮೆಶ್ ಎರಡು ಆಯಾಮದ್ದಾದರೂ ಪಾಯಿಂಟಿಗೆ ಮೂರು ಕೋಆರ್ಡಿನೇಟ್ ಕೊಡಬೇಕು, ಮೂರನೆಯದು ಸೊನ್ನೆ. ಮೆಶ್ ಬದಲಾಗದಿದ್ದರೆ ಇದಿಷ್ಟನ್ನೂ ಟೈಮ್ ಲೂಪಿನ (ಸಮಯವನ್ನು ಸ್ಟೆಪ್ ಸ್ಟೆಪ್ಪಾಗಿ ಮುಂದಕ್ಕೆ ಒಯ್ಯುವ ಭಾಗ) ಹೊರಗೆ ಒಂದೇ ಸಲ ಮಾಡಿ ಎಲಿಮೆಂಟ್ ನಂಬರ್ ಬರೆದಿಟ್ಟುಕೊಳ್ಳಿ. ಲೂಪಿನೊಳಗೆ ಬರೀ ಬೆಲೆ ತೆಗೆಯೋದು. ಪಾಯಿಂಟ್‌ಗಳು ಸಾವಿರಗಟ್ಟಲೆ ಇದ್ದರೆ ಆ ತೂಕಗಳನ್ನೇ ಒಂದು ಸ್ಪಾರ್ಸ್ ಮ್ಯಾಟ್ರಿಕ್ಸ್ (ಬಹುಪಾಲು ಸೊನ್ನೆಗಳೇ ಇರುವ ಅಂಕಿಗಳ ಕೋಷ್ಟಕ) ಆಗಿ ಇಟ್ಟುಬಿಡಿ, ಆಗ ಪ್ರತಿ ಸ್ಟೆಪ್ಪಿಗೂ ಒಂದು ಗುಣಾಕಾರ ಸಾಕು. ನನಗೆ ತುಂಬಾ ಇಷ್ಟವಾದ ದಾರಿ ಇದು.

ಹುಷಾರಾಗಿರಬೇಕಾದ ಜಾಗಗಳೂ ಇವೆ. ತಪ್ಪು ಎಲಿಮೆಂಟ್ ನಂಬರ್ ಕೊಟ್ಟರೂ ಕೋಡ್ ತಕರಾರು ಮಾಡಲ್ಲ, ಆ ಎಲಿಮೆಂಟ್‌ನ ಸೂತ್ರವನ್ನೇ ಹೊರಗೆ ಎಳೆದು ಏನೋ ಒಂದು ಅಂಕಿ ಕೊಡುತ್ತದೆ. ಬಾಗಿದ ಅಂಚಿನ ಮೇಲಿನ ಪಾಯಿಂಟ್, ನೇರ ಅಂಚಿನ ತ್ರಿಕೋನಗಳ ಮೆಶ್‌ನಿಂದ ಹೊರಗೇ ಬೀಳಬಹುದು. ಪ್ಯಾರಲಲ್‌ನಲ್ಲಿ, ಅಂದರೆ ಕೆಲಸವನ್ನು ಹಲವು ಪ್ರೊಸೆಸ್‌ಗಳಿಗೆ ಹಂಚಿ, ಓಡಿಸಿದರೆ ಪ್ರತಿ ಪ್ರೊಸೆಸ್ ಹತ್ತಿರ ಮೆಶ್‌ನ ಒಂದು ತುಂಡು ಮಾತ್ರ ಇರುತ್ತದೆ, ಹಾಗಾಗಿ ನಿಮ್ಮ ಪಾಯಿಂಟ್ ಒಂದರಲ್ಲಿ ಸಿಗದೆ ಇನ್ನೊಂದರಲ್ಲಿ ಸಿಗುತ್ತದೆ. ಗಡಿಯಲ್ಲಿದ್ದರೆ ಎರಡರಲ್ಲೂ ಸಿಕ್ಕೀತು. ಸಿಕ್ಕ ಬೆಲೆಗಳನ್ನು ಸುಮ್ನೆ ಕೂಡಿಸಬೇಡಿ.

ಸ್ಟ್ರೆಸ್ (ಕಲ್ಲಿನೊಳಗಿನ ಒತ್ತಡ) ವಿಷಯ ಬೇರೆಯೇ. ತಾಪಮಾನ ಎಲಿಮೆಂಟ್‌ನಿಂದ ಎಲಿಮೆಂಟ್‌ಗೆ ಮುರಿಯದೆ ಸಾಗುತ್ತದೆ, ಸ್ಟ್ರೆಸ್ ಹಾಗಲ್ಲ, ಅದು ಡಿಸ್‌ಪ್ಲೇಸ್‌ಮೆಂಟ್‌ನ (ಪ್ರತಿ ಬಿಂದು ಎಷ್ಟು ಸರಿಯಿತು ಅನ್ನೋದರ) ಡಿರೈವೇಟಿವ್‌ನಿಂದ ಬರೋದು. ಪಾಯಿಂಟ್ ಎರಡು ಎಲಿಮೆಂಟ್‌ಗಳ ಗೆರೆ ಮೇಲೆ ಬಿದ್ದರೆ ಎರಡು ಉತ್ತರ ಇರುತ್ತವೆ, ಪಟ್ಟಿಯಲ್ಲಿ ಮೊದಲು ಬಂದದ್ದನ್ನು ತೆಗೆದುಕೊಂಡು ಸುಮ್ಮನಾಗಬಾರದು. ಎರಡನ್ನೂ ನೋಡಿ, ಅಂತರ ಜಾಸ್ತಿ ಇದ್ದರೆ ಅಲ್ಲಿ ಮೆಶ್ ಸಾಲದು ಅಂತಲೇ ಅರ್ಥ. ನೀರಿನ ಕಡೆ ಅಣೆಕಟ್ಟೆ ಬುಡ ಬಂಡೆಗೆ ಸೇರುವ ಚೂಪು ಮೂಲೆಯಲ್ಲಂತೂ ಲೀನಿಯರ್ ಮಾಡೆಲ್‌ನ (ಹೊರೆ ಏರಿದಷ್ಟೇ ಪ್ರಮಾಣದಲ್ಲಿ ಸ್ಟ್ರೆಸ್ಸೂ ಏರುತ್ತದೆ ಅಂತ ಹಿಡಿಯುವ) ಸ್ಟ್ರೆಸ್ ಕೇಳಲೇಬೇಡಿ. ಮೆಶ್ ಸಣ್ಣ ಮಾಡಿದಷ್ಟೂ ಅಂಕಿ ಏರುತ್ತಲೇ ಹೋಗುತ್ತದೆ, ಎಲ್ಲೂ ನಿಲ್ಲಲ್ಲ. ಆ ಅಂಕಿಯನ್ನು ವರದಿಯಲ್ಲಿ ಬರೆಯೋದು ಸರಿಯಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಿಮ್ಮ ಕೋಡನ್ನು ಹೀಗೆ ಪರೀಕ್ಷಿಸಿ. ತಾಪಮಾನದ ಜಾಗದಲ್ಲಿ ಎಕ್ಸ್ + 2ವೈ ತುಂಬಿ, ನಿಮ್ಮ ಪಾಯಿಂಟ್‌ಗಳಲ್ಲಿ ಬೆಲೆ ತೆಗೆಯಿರಿ. ಲೀನಿಯರ್ ಎಲಿಮೆಂಟ್ (ಮೇಲಿನ ತ್ರಿಕೋನದಂತೆ ಬೆಲೆ ಒಂದೇ ಸಮನೆ ಬದಲಾಗುವಂಥದ್ದು) ಇದನ್ನು ರೌಂಡಿಂಗ್ ಬಿಟ್ಟರೆ ತಪ್ಪಿಲ್ಲದೆ ವಾಪಸ್ ಕೊಡಬೇಕು. ಕೊಡದಿದ್ದರೆ ಮೊದಲು ನೋಡಬೇಕಾದ್ದು ಕೋಆರ್ಡಿನೇಟ್‌ಗಳ ಕ್ರಮ. ಆಮೇಲೆ, ಯಾವುದಾದರೂ ಪಾಯಿಂಟ್ ಸಿಗದೆ ಬಿಟ್ಟುಹೋಗಿ ಬೆಲೆಗಳ ಪಟ್ಟಿ ಒಂದು ಸಾಲು ಮೇಲಕ್ಕೆ ಸರಿದಿದೆಯಾ ಅಂತ ನೋಡಿ.