ತುಕ್ಕು ಹಿಡಿದು ಕೂತ ನಟ್ಟು-ಬೋಲ್ಟು: ಮುರಿಯದೆ ಬಿಚ್ಚುವುದು ಹೇಗೆ?

ಕಾರವಾರ, ಅಂಕೋಲಾ, ಕುಮಟಾ ಕಡೆ ಹತ್ತಾರು ಮಳೆಗಾಲ ಕಂಡ ಅಂಬಾಸಡರ್ ಅಥವಾ ಪ್ರೀಮಿಯರ್ ಪದ್ಮಿನಿಯನ್ನು ಮತ್ತೆ ರಸ್ತೆಗಿಳಿಸಲು ಹೊರಟವರಿಗೆ ಮೊದಲ ಜಗಳ ಶುರುವಾಗುವುದೇ ನಟ್ಟು-ಬೋಲ್ಟುಗಳ ಜೊತೆ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ತ್ರೆಡ್‌ಗಳ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಆ ತುಕ್ಕು ಉಬ್ಬಿ, ನಟ್ಟನ್ನು ಬೋಲ್ಟಿಗೆ ಬಿಗಿದುಬಿಡುತ್ತದೆ. ಕಡಲಗಾಳಿಯ ಉಪ್ಪು ಇದನ್ನು ಚುರುಕುಗೊಳಿಸುತ್ತದೆ. ಶಿರಸಿ ಕಡೆ ಕೊಟ್ಟಿಗೆಯಲ್ಲಿ ನಿಂತ ಗಾಡಿಗೆ ಉಪ್ಪಿನ ಕಾಟ ಕಡಿಮೆ. ಅಲ್ಲಿ ತಳಕ್ಕೆ ಮೆತ್ತಿದ ಕೆಮ್ಮಣ್ಣು ತಿಂಗಳುಗಟ್ಟಲೆ ಒದ್ದೆಯಾಗಿದ್ದು ಅದೇ ಕೆಲಸ ಮಾಡುತ್ತದೆ.

ಪಾನಾ ಹಿಡಿಯುವ ಮೊದಲು ಯಾವುದನ್ನು ಉಳಿಸಬೇಕು, ಯಾವುದನ್ನು ಕತ್ತರಿಸಬೇಕು ಎಂದು ತೀರ್ಮಾನಿಸಿ. ಬಂಪರ್, ಮಡ್‌ಗಾರ್ಡ್, ಸೈಲೆನ್ಸರ್ ಕ್ಲಾಂಪಿನಲ್ಲಿ ಬೋಲ್ಟು ಆರಪಾರಾಗಿ ಬಂದು ನಟ್ಟಿನಲ್ಲಿ ಮುಗಿಯುತ್ತದೆ. ಹೊಸದು ಅಂಗಡಿಯಲ್ಲಿ ಸಿಗುತ್ತದೆ. ಗ್ರೈಂಡರ್ ಹಿಡಿದು ಕತ್ತರಿಸಿ, ಮುಂದಕ್ಕೆ ಹೋಗಿ. ಎಂಜಿನ್ ಬ್ಲಾಕಿನೊಳಗಿನ ಸ್ಟಡ್ (ತಲೆಯಿಲ್ಲದ ಬೋಲ್ಟು), ಎಂಜಿನ್ನಿಗೆ ಹೊಗೆ-ಗಾಳಿಯ ಕೊಳವೆ ಹಿಡಿದಿರುವ ಮ್ಯಾನಿಫೋಲ್ಡ್ ಸ್ಟಡ್, ಬ್ರೇಕಿನ ಗಾಳಿ ತೆಗೆಯುವ ಬ್ಲೀಡರ್ ನಿಪ್ಪಲ್ ಮುರಿದರೆ ಮಾತ್ರ ಇಡೀ ಬಿಡಿಭಾಗಕ್ಕೇ ಕುತ್ತು. ತಾಳ್ಮೆಯನ್ನೆಲ್ಲ ಇವಕ್ಕೆ ಮೀಸಲಿಡಿ.

ಹೊರಗೆ ಕಾಣುವ ತ್ರೆಡ್ಡನ್ನು ವೈರ್ ಬ್ರಶ್‌ನಿಂದ ಲೋಹ ಹೊಳೆಯುವವರೆಗೆ ತಿಕ್ಕಿ. ಕೊಳೆಯ ಮೇಲೆ ಹೊಯ್ದ ಎಣ್ಣೆ ಕೊಳೆಯಲ್ಲೇ ಇಂಗುತ್ತದೆ. ಸಿದ್ಧ ಸ್ಪ್ರೇ ಇಲ್ಲದಿದ್ದರೆ ಅರ್ಧ ಎಟಿಎಫ್ (ಆಟೋಮ್ಯಾಟಿಕ್ ಗೇರ್ ಎಣ್ಣೆ), ಅರ್ಧ ಅಸಿಟೋನ್ ಸೇರಿಸಿ. ಎರಡೂ ಸರಿಯಾಗಿ ಬೆರೆಯುವುದಿಲ್ಲ, ಪ್ರತಿ ಸಲ ಅಲುಗಾಡಿಸಿಯೇ ಹಾಕಬೇಕು. ಪೇಂಟ್, ರಬ್ಬರಿಗೆ ತಾಗಿಸಬೇಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹಾಕಿ ಒಂದು ರಾತ್ರಿ ಬಿಡಿ. ತೀರಾ ಹಟಮಾರಿ ಸ್ಟಡ್ಡಿಗೆ ಎರಡು ಮೂರು ದಿನ. ಪ್ರತಿ ಸಲವೂ ಬೋಲ್ಟಿನ ತಲೆಗೆ ನೇರವಾಗಿ ಹತ್ತಾರು ಚಿಕ್ಕ ಪೆಟ್ಟು ಹಾಕಿ. ಆ ಕಂಪನಕ್ಕೆ ತುಕ್ಕು ಬಿರಿದು ಎಣ್ಣೆಗೆ ದಾರಿಯಾಗುತ್ತದೆ.

ನಟ್ಟಿನ ಮೂಲೆ ಸವೆಯಲು ದೊಡ್ಡ ಕಾರಣ ಅಳತೆ ತಪ್ಪಿದ ಪಾನಾ. ಪದ್ಮಿನಿಯದು ಮಿಲಿಮೀಟರ್ ಅಳತೆ, ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಎಂಜಿನ್ನಿನ ಹಳೆಯ ಅಂಬಾಸಡರಿನದು ಇಂಚಿನ ಅಳತೆ. ಅರ್ಧ ಇಂಚು ಎಂದರೆ 12.7 ಮಿ.ಮೀ.; 13ರ ಪಾನಾ ಅದಕ್ಕೆ ಕೂತಂತೆ ಕಾಣುತ್ತದೆ, ಜೋರು ಬಿದ್ದೊಡನೆ ಜಾರಿ ಮೂಲೆ ತಿನ್ನುತ್ತದೆ. ಆರು ಮೂಲೆಯ ಸಾಕೆಟ್ಟೇ ಮೊದಲ ಆಯ್ಕೆ, ಆಮೇಲೆ ರಿಂಗ್ ಪಾನಾ. ಫಿಕ್ಸ್ ಪಾನಾ ಈ ಕೆಲಸಕ್ಕೆ ಬೇಡ. ತಿರುಗಿಸುವ ದಿಕ್ಕನ್ನೂ ನೋಡಿಕೊಳ್ಳಿ: ಹಳೆಯ ವಿಲ್ಲಿಸ್ ಜೀಪುಗಳ ಎಡಬದಿ ಚಕ್ರದ ನಟ್ಟು ಉಲ್ಟಾ ತ್ರೆಡ್ಡಿನದು.

ಮೊದಲು ಬಿಗಿ ಮಾಡುವ ಕಡೆಗೆ ಒಂದಿಷ್ಟು ಒತ್ತಿ. ಟಕ್ ಎಂದು ತುಕ್ಕು ಬಿಟ್ಟ ಸದ್ದು ಕೇಳಿದರೆ ಅರ್ಧ ಗೆದ್ದಂತೆ. ಕಾಲು ಸುತ್ತು ಬಿಚ್ಚಿ, ಅದರರ್ಧ ಹಿಂದಕ್ಕೆ ಬಿಗಿಯಿರಿ, ಎಣ್ಣೆ ಹಾಕಿ, ಮತ್ತೆ ಬಿಚ್ಚಿ. ಕೈಗೆ ರಬ್ಬರ್ ಹಿಂಡಿದಂತೆ ಅನಿಸಿ ಪಾನಾ ತಿರುಗುತ್ತಿದ್ದರೆ ತಕ್ಷಣ ನಿಲ್ಲಿಸಿ: ಬೋಲ್ಟು ಹೊಸೆದುಕೊಳ್ಳುತ್ತಿದೆ, ಇನ್ನೊಂದು ಎಳೆತಕ್ಕೆ ತುಂಡಾಗುತ್ತದೆ.

ಆಗ ಬೆಂಕಿಯ ಸರದಿ. ಎಣ್ಣೆ, ಅಸಿಟೋನ್ ಎರಡೂ ಹತ್ತಿಕೊಳ್ಳುವಂಥವು. ಪೂರ್ತಿ ಒರೆಸಿ, ಒಣಗಿಸಿ. ಪೆಟ್ರೋಲ್ ಟ್ಯಾಂಕ್, ಪೆಟ್ರೋಲ್ ಪೈಪು, ಬ್ರೇಕ್ ಹೋಸಿನ ಹತ್ತಿರ ಬ್ಲೋ ಟಾರ್ಚ್ ಬೇಡವೇ ಬೇಡ. ಅಗ್ನಿಶಾಮಕ ಸಿಲಿಂಡರ್ ಕೈಗೆಟುಕುವಂತಿರಲಿ. ನಟ್ಟನ್ನು ಕಾಯಿಸಿ, ಬೋಲ್ಟನ್ನಲ್ಲ. ನಟ್ಟು ಹಿಗ್ಗಿದರೆ ಹಿಡಿತ ಸಡಿಲುತ್ತದೆ. ಕೆಂಪಾಗುವಷ್ಟು ಬೇಕಿಲ್ಲ. ಬಿಸಿಯಿರುವಾಗಲೇ ಮೇಣದಬತ್ತಿ ತಾಗಿಸಿದರೆ ಕರಗಿದ ಮೇಣ ತ್ರೆಡ್ಡಿನೊಳಗೆ ಹರಿಯುತ್ತದೆ. ಅಲ್ಯೂಮಿನಿಯಂ ಭಾಗದೊಳಗೆ ಕೂತ ಉಕ್ಕಿನ ಬೋಲ್ಟಾದರೆ ಸುತ್ತಲಿನ ಅಲ್ಯೂಮಿನಿಯಂ ಅನ್ನು ಹದವಾಗಿ ಕಾಯಿಸಿ. ಅದು ಉಕ್ಕಿಗಿಂತ ಸುಮಾರು ಇಮ್ಮಡಿ ಹಿಗ್ಗುತ್ತದೆ.

ಮೂಲೆ ಸವೆದಿದ್ದರೆ ಒಂದು ಅಳತೆ ಚಿಕ್ಕ ಸಾಕೆಟ್ಟನ್ನು ಸುತ್ತಿಗೆಯಿಂದ ಬಡಿದು ಕೂರಿಸಿ. ಸ್ಟಡ್ ಮೇಲ್ಮಟ್ಟದಲ್ಲೇ ಮುರಿದಿದ್ದರೆ ಅದರ ಮೇಲೆ ಹೊಸ ನಟ್ಟಿಟ್ಟು, ನಟ್ಟಿನ ತೂತಿನೊಳಗಿನಿಂದ ವೆಲ್ಡ್ ಮಾಡಿಸುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ವೆಲ್ಡಿನ ಬಿಸಿಯೇ ಅರ್ಧ ಕೆಲಸ ಮುಗಿಸುತ್ತದೆ. ಬ್ಯಾಟರಿ ತಂತಿ ಮೊದಲೇ ಕಳಚಿರಿ. ಮುರಿದ ಸ್ಟಡ್ಡಿನೊಳಗೆ ತೂತು ಕೊರೆದು ಉಲ್ಟಾ ತಿರುಗಿಸಿ ಎಳೆಯುವ ಈಝಿ-ಔಟ್ ಕೊನೆಯ ಆಯುಧ. ಅದು ಗಟ್ಟಿ, ಆದರೆ ಪೆಡಸು. ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ಲಿನ ಬಿಟ್ ಅದನ್ನು ಕೊರೆಯಲಾರದು. ಅದಕ್ಕಿಂತ, 8 ಮಿ.ಮೀ. ಸ್ಟಡ್ಡಿನ ನಟ್ಟನಡುವೆ ಪಂಚ್ ಹೊಡೆದು, 3 ಮಿ.ಮೀ. ಬಿಟ್ಟಿನಿಂದ ಶುರುಮಾಡಿ 6.8ರವರೆಗೆ ಕೊರೆದು, 1.25 ಪಿಚ್ಚಿನ (ಎಳೆಯಿಂದ ಎಳೆಗಿರುವ ಅಂತರ, ಮಿ.ಮೀ.ಗಳಲ್ಲಿ) ಟ್ಯಾಪ್ (ತ್ರೆಡ್ ಕೊರೆಯುವ ಉಪಕರಣ) ಹಾಕಿಸಿದರೆ ತ್ರೆಡ್ ಉಳಿಯುತ್ತದೆ. ನಡು ತಪ್ಪಿದರೆ ಹೆಲಿಕಾಯಿಲ್ (ಹೊಸ ತ್ರೆಡ್ಡಾಗಿ ಕೂರುವ ತಂತಿಯ ಸುರುಳಿ) ಹಾಕಿಸಬೇಕಾಗುತ್ತದೆ.

ತಿರುಗಿ ಜೋಡಿಸುವಾಗ ತ್ರೆಡ್ಡಿಗೆ ತೆಳ್ಳಗೆ ಆ್ಯಂಟಿ-ಸೀಝ್ (ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಹಚ್ಚಿ. ಒಣ ತ್ರೆಡ್ಡಿಗೆ ಹೇಳಿದ ಟಾರ್ಕ್ (ಬಿಗಿಯುವ ತಿರುಗುಬಲ) ಹಾಕಿದರೆ ಈಗ ಅತಿಯಾಗುತ್ತದೆ. ಸುಮಾರು ಕಾಲುಭಾಗ ತಗ್ಗಿಸಿ. ಚಕ್ರದ ನಟ್ಟಿಗೆ ಮಾತ್ರ ಏನನ್ನೂ ಹಚ್ಚಬೇಡಿ. ತುಕ್ಕು ಹಿಡಿಯದೆಂದು ಸ್ಟೀರಿಂಗ್, ಸಸ್ಪೆನ್ಷನ್ನಿಗೆ ಅಂಗಡಿಯ ಸ್ಟೇನ್‌ಲೆಸ್ ಬೋಲ್ಟು ಹಾಕುವವರಿದ್ದಾರೆ. ಅಲ್ಲಿ ಮೂಲ ಬೋಲ್ಟಿನ ದರ್ಜೆಯದೇ ಬೇಕು, ಬೋಲ್ಟಿನ ಬಲ ಹೇಳುವ ಅಂಕಿ 8.8ಕ್ಕಿಂತ ಕಡಿಮೆ ಸಲ್ಲದು. ಬ್ಲೀಡರ್ ನಿಪ್ಪಲ್ಲಿಗೆ ಹೊಸ ರಬ್ಬರ್ ಟೋಪಿ ಹಾಕಿ. ನಿಪ್ಪಲ್ಲಿನ ಬಾಯಿಯಿಂದ ಮಳೆನೀರು ಒಳಗಿಳಿದರೆ ಎರಡು ಮಳೆಗಾಲದಲ್ಲಿ ಮತ್ತೆ ಜಾಮ್ ಆಗಿಬಿಡುತ್ತದೆ.