ಬೆಟ್ಟದ ಸೈಕಲ್ ಸವಾರಿಗೆ ಮೊಬೈಲ್ ನಕ್ಷೆ

ಹೊರಡುವ ಮುನ್ನವೇ, ವೈಫೈ ಇರುವಾಗ, ಆ ಪ್ರದೇಶದ ನಕ್ಷೆಯನ್ನು ಡೌನ್‌ಲೋಡ್ ಮಾಡಿಕೊಳ್ಳಿ. ಜಿಪಿಎಸ್‌ಗೆ ಮೊಬೈಲ್ ಸಿಗ್ನಲ್ ಬೇಕಿಲ್ಲ. ನಕ್ಷೆಯ ಚಿತ್ರ ತರಿಸಿಕೊಳ್ಳುವುದಕ್ಕಷ್ಟೇ ಇಂಟರ್ನೆಟ್ ಬೇಕು. ನೆಟ್‌ವರ್ಕ್ ಇಲ್ಲದ ಕಡೆ ಫೋನ್ ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ಮುಗಿಸುತ್ತದೆ, ಆದ್ದರಿಂದ ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಈಗಿನ ಬಹುತೇಕ ಫೋನ್‌ಗಳಲ್ಲಿ ಆಗಲೂ ಜಿಪಿಎಸ್ ನಡೆಯುತ್ತದೆ (ನಿಮ್ಮದನ್ನು ಮೊದಲೇ ಪರೀಕ್ಷಿಸಿ).

ಕಾರಿಗೆಂದು ಮಾಡಿದ ಆ್ಯಪ್ ಇಲ್ಲಿ ಉಪಯೋಗಕ್ಕಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ (ಜನರೇ ಸೇರಿ ರೂಪಿಸುವ ಉಚಿತ ನಕ್ಷೆ) ಆಧಾರಿತ ಆ್ಯಪ್‌ಗಳಲ್ಲಿ ಕಾಲುದಾರಿಗಳೂ ಸಿಗುತ್ತವೆ. ಕೆಲವು ದಾರಿಗಳಿಗೆ 0ಯಿಂದ 6ರವರೆಗೆ ಕಷ್ಟದ ಅಂಕವೂ ಇರುತ್ತದೆ. ಸಮೋನ್ನತಿ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ಒತ್ತೊತ್ತಾಗಿದ್ದರೆ ಅಲ್ಲಿ ನೆಲ ಕಡಿದಾಗಿದೆ ಎಂದರ್ಥ. ಇದನ್ನು ಗಮನಿಸದೆ ಹೋಗಿ, ಒಮ್ಮೆ ಸೈಕಲ್ಲನ್ನು ನಾನೇ ಹೆಗಲ ಮೇಲೆ ಹೊತ್ತು ಇಳಿದಿದ್ದೇನೆ!

ಪರದೆ ಆರಿಸಿ, ಫೋನನ್ನು ಜೇಬಿನಲ್ಲಿಡಿ. ದಾರಿ ಕವಲೊಡೆಯುವಲ್ಲಿ ನಿಂತು ನೋಡಿದರೆ ಸಾಕು.