800 ಮೊಗ್ಗಿನ ಮೊದಲ ಚೆಂಡು

ನಮ್ಮ ಉಡುಪಿ ಕಡೆಯ ಶಂಕರಪುರ ಮಲ್ಲಿಗೆ ತಾರಸಿ ಮೇಲೆ ಚೆಂಡಿನ ಲೆಕ್ಕಕ್ಕೆ, ಅಂದರೆ ಒಟ್ಟಿಗೆ ಕಟ್ಟಿ ಮಾರುವ 800 ಮೊಗ್ಗಿಗೆ, ಬರುವುದಿಲ್ಲ ಎಂದು ನನಗೆ ಹೇಳದವರೇ ಇಲ್ಲ. ಬರುತ್ತದೆ. ನಾನು ಬರಿಸಿದ್ದೇನೆ.

ಕಟಪಾಡಿ ಹತ್ತಿರ ನನ್ನ ಹೊಲಿಗೆ ಅಂಗಡಿ. ಮದುವೆ ಬ್ಲೌಸೇ ಜಾಸ್ತಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು, ಮದುವೆ ನಿಂತಿತು, ದೇವಸ್ಥಾನ ಮುಚ್ಚಿತು. ಬ್ಲೌಸೂ ಹೋಯಿತು, ಮಲ್ಲಿಗೆ ರೇಟೂ ಹೋಯಿತು. ನೆರೆಮನೆ ಅಜ್ಜಿ ಮಾತ್ರ ಯಾರೂ ಕೊಳ್ಳದ ಹೂವನ್ನು ದಿನಾ ಕೊಯ್ಯುತ್ತಿದ್ದರು. ಕೊಯ್ಯದಿದ್ದರೆ ಗಿಡ ಬೇಜಾರು ಮಾಡಿಕೊಳ್ಳುತ್ತದೆ ಅಂದರು. ಆ ಮಾತಿಗೇ ನಾನು ಗಿಡ ತಂದದ್ದು.

ಜೂನ್‌ನಲ್ಲಿ ತಾರಸಿ ಮೇಲೆ ಮಣ್ಣು ತುಂಬಿದ ಬ್ಯಾಗಿನಲ್ಲಿ 18 ಗಿಡ ನೆಟ್ಟೆ. ಜುಲೈ-ಆಗಸ್ಟ್‌ನ ಆಟಿ ತಿಂಗಳ ಮಳೆಗೆ ಬ್ಯಾಗಿನಲ್ಲಿ ನೀರು ನಿಂತು ಬುಡ ಕೊಳೆಯಿತು. ಉಳಿದದ್ದು ಮೂರೋ ನಾಲ್ಕೋ. ಸುಮಾರು ಎರಡು ಸಾವಿರ ಹೋಯಿತು, ಕೆಲಸ ಇಲ್ಲದ ಹೊತ್ತಿನಲ್ಲಿ. ಮಲ್ಲಿಗೆಗೆ ನೆಲವೇ ಬೇಕು ಎಂದು ಅಜ್ಜಿಯೂ ಹೇಳಿಬಿಟ್ಟರು.

ಮಳೆ ಬಿಟ್ಟ ಮೇಲೆ ಮತ್ತೆ 24 ಇಟ್ಟೆ. ಈ ಸಲ ಬ್ಯಾಗನ್ನು ಇಟ್ಟಿಗೆ ಮೇಲೆ ಕೂರಿಸಿದೆ, ಅಡಿಗೆ ಜಲ್ಲಿ ಹಾಕಿದೆ, ಸುಡುಮಣ್ಣು ಹೆಚ್ಚು ಮಾಡಿದೆ. ಒಟ್ಟು ಏಳೆಂಟು ಸಾವಿರ ಆಗಿರಬೇಕು. 2021ರ ಏಪ್ರಿಲ್‌ನಲ್ಲಿ ಮೊಗ್ಗು ಕಂಡಿತು, ಅಷ್ಟರಲ್ಲಿ ಎರಡನೇ ಲಾಕ್‌ಡೌನ್. ಇನ್ನಾದರೂ ಬಿಡು ಎಂದರು ಮನೆಯಲ್ಲಿ.

ನಾನು ಬಿಡಲಿಲ್ಲ. ಅಳತೆ ಪುಸ್ತಕದ ಕೊನೆ ಹಾಳೆಯಲ್ಲಿ ಎರಡು ಸಾಲು ಎಳೆದೆ. ಎಡಕ್ಕೆ ಬ್ಲೌಸ್, ಬಲಕ್ಕೆ ಮಲ್ಲಿಗೆ ಮೊಗ್ಗು. ಎಡಕ್ಕೆ ಸೊನ್ನೆ, ಸೊನ್ನೆ, ಸೊನ್ನೆ. ಬಲಕ್ಕೆ 11, 14, 9, 23. ಬೆಳಿಗ್ಗೆ ಎದ್ದ ಕೂಡಲೇ ತಾರಸಿ ಹತ್ತಲು ಒಂದು ಕಾರಣ ಸಿಕ್ಕಿತು ನೋಡಿ, ಆ ವರ್ಷ ನನ್ನನ್ನು ಎತ್ತಿ ನಿಲ್ಲಿಸಿದ್ದು ಅದೇ. ಜುಲೈಯಲ್ಲಿ ದೇವಸ್ಥಾನ ತೆರೆದ ವಾರ ಎಡಸಾಲಿಗೆ 1 ಬಂತು. ಸುಮ್ನೆ ಒಂದು ಲೈನಿಂಗ್ ಬ್ಲೌಸ್. ಆ ಅಂಕಿಯನ್ನು ಕೆಂಪು ಪೆನ್ನಿನಲ್ಲಿ ಬರೆದೆ.

ನಡುವೆ ಪ್ರಯೋಗವೂ ಮಾಡಿದೆ. ಆರು ಗಿಡಕ್ಕೆ ಮೀನು ತೊಳೆದ ನೀರು, ಆರಕ್ಕೆ ಅಕ್ಕಿ ತೊಳೆದ ನೀರು. ಮೀನಿನ ನೀರಿಗೆ ಎಲೆ ಕಪ್ಪು ಹಸಿರಾಯಿತು, ಮೊಗ್ಗು ಹೆಚ್ಚಲಿಲ್ಲ. ನೆಲಗಡಲೆ ಹಿಂಡಿ ನೆನೆಸಿ ತೆಳು ಮಾಡಿ ಹಾಕಿದ್ದೇ ಕೊನೆಗೆ ಗಿಡಕ್ಕೆ ಹಿಡಿಸಿತು. ಅದರ ಜೊತೆ ಇನ್ನೊಂದು ಸೇರಿಸುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಚಳಿಗೆ ಮೊದಲು ಎಲ್ಲರ ಹಾಗೆಯೇ ಗಿಡದ ಕೊಂಬೆ ಸವರಿದೆ. ಆದರೆ ಗಿಡದ ಎಲೆ ಕಿತ್ತು ತೆಗೆಯುವ ದಿನ ಮಾತ್ರ ಅತ್ತೆಯ ಲೆಕ್ಕ, ಅದು ನಮ್ಮ ಮನೆಯ ಗುಟ್ಟು.

2022ರ ಮಾರ್ಚ್‌ನಿಂದ ದಿನಾ ಐನೂರು, ಆರುನೂರು ಮೊಗ್ಗು. ಮದುವೆಗಳು ಒಂದರ ಮೇಲೊಂದು. ಒಂದು ಚೆಂಡಿಗೆ 800 ಬೇಕು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಲ್ಲಿವರೆಗೆ ನನ್ನ ಬಿಡಿ ಹೂವನ್ನು ಅಜ್ಜಿಯ ಹೂವಿನ ಜೊತೆ ಸೇರಿಸಿ ಕಳಿಸುತ್ತಿದ್ದೆ. ಏಪ್ರಿಲ್‌ನ ಒಂದು ಬೆಳಿಗ್ಗೆ ಬಟ್ಟೆ ಹಾಸಿ ಎಣಿಸಿದರೆ 793. ಟಾರ್ಚ್ ಹಿಡಿದು ಮತ್ತೆ ಮೇಲೆ ಹೋದೆ. ಎಲೆಯ ಅಡಿಯಲ್ಲಿ ಐದು ಸಿಕ್ಕವು. ಕೆಳಗೆ ಬಂದಾಗ ಬೇಲಿ ಆಚೆ ನಿಂತಿದ್ದ ಅಜ್ಜಿ ಏನೂ ಕೇಳದೆ ತಮ್ಮ ಗಿಡದಿಂದ ಎರಡು ಕಿತ್ತು ಅಂಗೈಗೆ ಹಾಕಿದರು. ಬಾಳೆನಾರಿನಲ್ಲಿ ಕಟ್ಟಿ ಮುಗಿಸುವಾಗ ಹೂವಿನವರ ಬೈಕ್ ಹಾರ್ನ್ ಕೇಳಿಸಿತು. ಚೆಂಡಿಗೆ ಇನ್ನೂರು ಚಿಲ್ಲರೆ ಸಿಕ್ಕಿತು.

ಆ ದಿನದ ಪುಸ್ತಕದಲ್ಲಿ ಹೀಗಿದೆ: ಬ್ಲೌಸ್ 6, ಮಲ್ಲಿಗೆ 800.